ರುದ್ರಭೂಮಿಯ ಬೀಗ

ಹೋದ ವಾರ ವಸ್ತಾರೆಯ ಒಂದು ತೋಟಕ್ಕೆ ಪೈಪು ಇಳಿಸಿ ವಾಪಸು ಬರುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಯಾರದೋ ಪಲ್ಪರ್ ಓಡುತ್ತಿತ್ತು. ಕಾಫಿಹಣ್ಣಿನ ಸಿಪ್ಪೆ ಕೊಳೆತ ಹುಳಿ ವಾಸನೆ ವ್ಯಾನಿನೊಳಗೆ ತುಂಬಿಕೊಂಡಿತು. ಡ್ರೈವರ್ ತನ್ನ ಕಡೆಯ ಗಾಜು ಏರಿಸಿದ, ನಾನು ಏರಿಸಲಿಲ್ಲ. ಈ ವಾಸನೆ ಬಂದಾಗ ನನಗೆ ನೆನಪಾಗುವುದು ಒಂದೇ ಕೊಯ್ಲಿನ ಕಾಲ. ಕೆಲವು ವರ್ಷಗಳ ಹಿಂದಿನದು. ಆ ಸಲ ಸಂಕ್ರಾಂತಿಯ ಹೊತ್ತಿಗೆ ಮಳೆ ಹಿಡಿದಿತ್ತು.

ಆಗ ನನ್ನ ಅಂಗಡಿ ಇದ್ದದ್ದು ಮೂಡಿಗೆರೆ ತಾಲ್ಲೂಕಿನ, ಗೋಣಿಬೀಡಿನ ಕಡೆಯ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬೇಡ, ನಮ್ಮವರು ಈಗಲೂ ಅಲ್ಲಿದ್ದಾರೆ. ಹಗ್ಗ, ಟಾರ್ಪಾಲು, ಗೋಣಿಚೀಲ, ಕತ್ತಿ, ಪೈಪು ಮಾರುತ್ತಿದ್ದೆ. ಅಂಗಡಿಯ ಕಟ್ಟಡ ಪರಮೇಶ್ವರಪ್ಪನವರದು. ಅವರು ದೊಡ್ಡ ಬೆಳೆಗಾರರು, ನಮ್ಮ ಸಮಾಜದ ಕಮಿಟಿಗೆ ಅಧ್ಯಕ್ಷರೂ ಹೌದು. ನಾವೆಲ್ಲ ಪರಮೇಶಣ್ಣ ಎನ್ನುತ್ತಿದ್ದೆವು.

ನನಗೆ ಹುಟ್ಟಿನಿಂದ ಮಾತು ತೊದಲು. ನನ್ನ ಹೆಸರು ಕುಬೇರಪ್ಪ. ಆ ಮೊದಲ ಅಕ್ಷರದಲ್ಲೇ ಕು-ಕು ಎಂದು ನಾಲಿಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಶಾಲೆಯಲ್ಲಿ ಹುಡುಗರು ನನ್ನನ್ನು ಕೋಗಿಲೆ ಎಂದು ಕರೆಯುತ್ತಿದ್ದರು. ದೊಡ್ಡವನಾದ ಮೇಲೆ ಯಾರೂ ಹಾಗೆ ಕರೆಯಲಿಲ್ಲ, ಆದರೆ ನಾನು ಬಾಯಿ ತೆರೆದರೆ ಎದುರಿನವರೇ ನನ್ನ ಮಾತನ್ನು ಮುಗಿಸಿಕೊಡುತ್ತಿದ್ದರು. ಅದು ಒಳ್ಳೆಯ ಮನಸ್ಸಿನಿಂದಲೇ. ಅವರು ಹೇಗೆ ಮುಗಿಸಿದರೂ ನಾನು ಹೂಂ ಎನ್ನುತ್ತಿದ್ದೆ. ನಾನು ಹೇಳಬೇಕೆಂದಿದ್ದದ್ದು ಬೇರೆಯಾಗಿದ್ದರೂ ಹೂಂ ಎನ್ನುವುದು ಸುಲಭವಾಗಿತ್ತು.

ಕಮಿಟಿಯಲ್ಲಿ ನಾನಿದ್ದದ್ದು ಒಂದೇ ಕೆಲಸಕ್ಕೆ. ರಸ್ತೆ ಪಕ್ಕದಲ್ಲಿದ್ದ ನಮ್ಮ ಸಮಾಜದ ರುದ್ರಭೂಮಿಯ ಗೇಟಿನ ಕೀ ನನ್ನ ಬಳಿ ಇರುತ್ತಿತ್ತು. ಯಾರಾದರೂ ತೀರಿಕೊಂಡರೆ ಹೋಗಿ ಬೀಗ ತೆಗೆಯುವುದು, ಮುಗಿದ ಮೇಲೆ ಹಾಕಿಕೊಂಡು ಬರುವುದು. ಅದಕ್ಕೆ ಮಾತು ಬೇಕಾಗಿರಲಿಲ್ಲ. ಅದಕ್ಕೇ ನಾನು ಒಪ್ಪಿಕೊಂಡಿದ್ದೆ.

ಆ ವರ್ಷ ಹಣ್ಣು ಚೆನ್ನಾಗಿ ಬಂದಿತ್ತು. ನಮ್ಮೂರ ಪಕ್ಕದ ಎಸ್ಟೇಟಿಗೆ ಕೊಯ್ಲಿಗೆಂದು ಹೊರಗಿನಿಂದ ಜನ ಬಂದಿದ್ದರು. ಎಲ್ಲಿಂದ ಬಂದರೂ ನಮ್ಮ ಕಡೆ ಅವರಿಗೆಲ್ಲ ‘ಅಸ್ಸಾಮ್‌ನೋರು’ ಎಂದೇ ಹೆಸರು. ಇವರು ಮಾತ್ರ ಜಾರ್ಖಂಡಿನವರು. ಅವರಲ್ಲಿ ಒಬ್ಬಳು ಹೆಂಗಸು, ಫೂಲ್‌ಮನಿ ಎಂದು ಆಮೇಲೆ ಗೊತ್ತಾಯಿತು, ಕೊಯ್ಲು ಶುರುವಾದ ಹೊಸದರಲ್ಲಿ ಅಂಗಡಿಗೆ ಬಂದಳು. ಬಟ್ಟೆ ಒಣಗಿಸಲು ಹಗ್ಗ ಬೇಕು ಎಂಬುದನ್ನು ಕೈಸನ್ನೆಯಲ್ಲಿ ತೋರಿಸಿದಳು. ನಾನು ಸುರುಳಿ ಎತ್ತಿ ತೋರಿಸಿ, “ಹ... ಹ... ಹಗ್ಗ” ಎಂದೆ. ಅವಳು ಹುಡುಗಿಯರು ಪಾಠ ಒಪ್ಪಿಸುವ ಹಾಗೆ ಗಂಭೀರವಾಗಿ, “ಹಹಹಗ್ಗ” ಎಂದಳು. ನಗೆಯಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಇಲ್ಲ. ಕನ್ನಡದಲ್ಲಿ ಆ ವಸ್ತುವಿನ ಹೆಸರೇ ಅಷ್ಟುದ್ದ ಎಂದು ತಿಳಿದಿದ್ದಳು. ಮುಂದಿನ ವಾರದ ಸಂತೆಯ ದಿನ ಮತ್ತೆ ಬಂದು, ಪಕ್ಕದಲ್ಲಿ ನಿಂತ ಗಂಡನಿಗೆ ತನ್ನ ಕನ್ನಡ ತೋರಿಸುವಂತೆ, “ಹಹಹಗ್ಗ” ಎಂದು ಜೋರಾಗಿ ಕೇಳಿದಳು. ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಮಾತಿನ ವಿಷಯಕ್ಕೆ ನಾನು ಹಾಗೆ ನಕ್ಕದ್ದು ಬಹುಶಃ ಅದೇ ಮೊದಲು. ಅವಳ ಗಂಡ ಸೋಮ್ರಾ ಮಾತ್ರ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಎಲ್ಲರ ಮುಖ ನೋಡಿದ.

ಸಂಕ್ರಾಂತಿಯ ಹೊತ್ತಿಗೆ ಮೋಡ ಕಟ್ಟಿತು. ಒಂದು ಮಧ್ಯಾಹ್ನ ಶುರುವಾದ ಮಳೆ ಬಿಡಲೇ ಇಲ್ಲ. ಕಣದಲ್ಲಿ ಹರಡಿದ್ದ ಕಾಫಿಯೆಲ್ಲ ಟಾರ್ಪಾಲಿನ ಕೆಳಗೆ ಬೆವೆತು ಬಿಸಿಯಾಯಿತು. ಗಿಡದಲ್ಲಿದ್ದ ಹಣ್ಣು ಬಿರಿದು ನೆಲಕ್ಕೆ ಉದುರಿತು. ಬೆಳೆಗಾರರು ಮುಖ ಬಾಡಿಸಿಕೊಂಡು ಆಕಾಶ ನೋಡುತ್ತಿದ್ದರು. ನನ್ನ ಅಂಗಡಿಯಲ್ಲಿದ್ದ ಟಾರ್ಪಾಲು ಅಷ್ಟೂ ಖರ್ಚಾಗಿ ಹಾಸನದಿಂದ ತರಿಸಬೇಕಾಯಿತು. ಊರಿನವರೆಲ್ಲ ಅವರವರ ಕಣ, ಅವರವರ ಚೀಲ ಎಂದು ಓಡಾಡುತ್ತಿದ್ದ ಆ ದಿನಗಳಲ್ಲೇ ಫೂಲ್‌ಮನಿಗೆ ಜ್ವರ ಬಂದದ್ದು. ಲೈನಿನಲ್ಲಿ, ಎಸ್ಟೇಟಿನ ಆಳುಗಳ ಸಾಲುಮನೆಯಲ್ಲಿ, ಮಲಗಿದ್ದಳಂತೆ. ಜೋರಾದ ಮೇಲೆ ಆಸ್ಪತ್ರೆಗೆ ಸೇರಿಸಿದರಂತೆ. ಒಂದು ಬೆಳಿಗ್ಗೆ ತೀರಿಕೊಂಡಳು.

ಸುದ್ದಿ ಹೇಳಿದವನು ಆ ಎಸ್ಟೇಟಿನ ಮೇಸ್ತ್ರಿ ಶೇಖರ. ಆ ಜನರ ಜೊತೆ ಹಿಂದಿಯಲ್ಲಿ ಮಾತಾಡಬಲ್ಲವನು ಅವನೊಬ್ಬನೇ. ಹಗ್ಗ ಕೊಳ್ಳಲು ಬಂದವನು ತೊಯ್ದ ತಲೆ ಒರೆಸಿಕೊಳ್ಳುತ್ತ ಹೇಳಿದ: “ಹೆಣ ಲೈನ್ ಹತ್ರ ತಂದು ಇಟ್ಟಿದೀವಿ ಕುಬೇರಣ್ಣ. ಎಲ್ಲಿ ಮಣ್ಣು ಮಾಡೋದು ಅಂತ್ಲೇ ಗೊತ್ತಾಗ್ತಿಲ್ಲ.”

ಊರಿನ ಸಾರ್ವಜನಿಕ ಸ್ಮಶಾನ ಇದ್ದದ್ದು ಹಳ್ಳದ ಆಚೆ. ಹಳ್ಳ ದಾಟಲು ಇದ್ದ ಮರದ ಸಂಕ ಹಿಂದಿನ ಮಳೆಗಾಲದಲ್ಲೇ ಕೊಚ್ಚಿಹೋಗಿತ್ತು, ಈಗ ಹಳ್ಳ ಮತ್ತೆ ತುಂಬಿತ್ತು. ಸುಡೋಣವೆಂದರೆ ಒಣ ಸೌದೆ ಇಲ್ಲ, ಮೇಲಾಗಿ ಗಂಡ ಹೂಳಬೇಕೆಂದು ಹಟ ಹಿಡಿದಿದ್ದ. ಎಸ್ಟೇಟಿನ ಜಾಗದಲ್ಲಿ ಹೂಳಲು ಮ್ಯಾನೇಜರ್ ಒಪ್ಪಲಿಲ್ಲ. ಲೈನಿನ ಪಕ್ಕ ಸಮಾಧಿ ಎದ್ದರೆ ಉಳಿದ ಆಳುಗಳು ಹೆದರಿ ಊರಿಗೆ ಹೋಗಿಬಿಡುತ್ತಾರೆ, ಅರ್ಧ ತೋಟದ ಹಣ್ಣು ಇನ್ನೂ ಗಿಡದಲ್ಲಿದೆ ಎಂದರಂತೆ. ಊರಿನ ಒಂದೊಂದು ಸಮಾಜಕ್ಕೂ ಅದರದರ ಜಾಗ ಇತ್ತು. ಕೇಳಿದ ಕಡೆಯಲ್ಲೆಲ್ಲ ಪಾಪ ಎಂದರು. ಜಾಗ ಮಾತ್ರ ಯಾರೂ ಕೊಡಲಿಲ್ಲ.

ಶೇಖರ ಹೋದ ಸ್ವಲ್ಪ ಹೊತ್ತಿಗೆ ಗುರುಶಾಂತಯ್ಯನವರು ಕೊಡೆ ಮಡಚಿಕೊಂಡು ಅಂಗಡಿಯೊಳಗೆ ಬಂದರು. ನಮ್ಮ ಮನೆಗಳ ಮದುವೆ, ಗೃಹಪ್ರವೇಶ, ಸಾವು ಎಲ್ಲಕ್ಕೂ ಅಯ್ಯನವರು ಅವರೇ. ಎಪ್ಪತ್ತು ದಾಟಿತ್ತು. ಕೈ ನಡುಗುತ್ತಿತ್ತು, ಆದರೆ ಯಾರ ಮನೆಯಲ್ಲಿ ಸಾವಾದರೂ ನಡೆದೇ ಬರುತ್ತಿದ್ದರು. ನನಗೆ ಲಿಂಗದೀಕ್ಷೆ ಕೊಟ್ಟವರೂ ಅವರೇ.

ಗೋಣಿಚೀಲದ ರಾಶಿಯ ಮೇಲೆ ಕುಳಿತು, “ಕುಬೇರ, ನಾಳೆ ಬೆಳಿಗ್ಗೆ ಗೇಟು ತೆಗೀಬೇಕು” ಎಂದರು.

ಯಾರಿಗೆ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. “ಅ-ಅಯ್ನೋರೇ, ಕ-ಕಮಿಟಿ...” ಎಂದೆ.

“ಕಮಿಟಿ ಸೇರೋ ಹೊತ್ತಿಗೆ ಹೆಣ ಕಾಯತ್ತಾ?”

“ನೀ-ನೀವೇ ಪರಮೇಶಣ್ಣಂಗೆ ಹೇಳಿ. ನಾ-ನಾನು ಮಾತಾಡಿದ್ರೆ...”

ಅವರು ನನ್ನ ಮಾತನ್ನು ಮುಗಿಸಿಕೊಡಲಿಲ್ಲ. ಕಾದರು. ನಾನೂ ಮುಗಿಸಲಿಲ್ಲ. ಅಂಗಡಿ ಪರಮೇಶಣ್ಣನ ಕಟ್ಟಡದಲ್ಲಿದೆ ಎಂದು ಹೇಳಬೇಕೆಂದಿತ್ತು. ಅದನ್ನು ಹೇಳಲು ನಾಚಿಕೆಯಾಗಿ, ನನಗೆ ಮಾತು ಬರುವುದಿಲ್ಲವಲ್ಲ ಎಂದು ಬಾಯಿ ತೋರಿಸಿದೆ.

“ದಿನಾ ಬೆಳಿಗ್ಗೆ ಲಿಂಗ ಅಂಗೈ ಮೇಲಿಟ್ಕೊಂಡು ಕೂತ್ಕೋತೀಯಲ್ಲ, ಏನು ಬೇಡ್ಕೋತೀಯ?” ಎಂದು ಕೇಳಿದರು.

“ಮಾ-ಮಾತು ಕೊಡು ಅಂತ.”

“ಯಾವಾಗಿಂದ?”

“ಚಿ-ಚಿಕ್ಕಂದಿನಿಂದ.”

“ನಿನ್ನನ್ನ ಯಾರಾದ್ರೂ ಈಗ ಮಾತು ಕೇಳಿದಾರಾ? ಕೇಳ್ತಿರೋದು ಕೀ. ಅದು ನಿನ್ನ ಹತ್ರ ಇದೆ ತಾನೆ?” ಎಂದು ಎದ್ದರು. ಬಾಗಿಲಲ್ಲಿ ಕೊಡೆ ಬಿಚ್ಚುತ್ತ, “ಅವಳ ಗಂಡನಿಗೆ ಬೆಳಿಗ್ಗೆ ಗೇಟಿನ ಹತ್ರ ಬಾ ಅಂತ ಶೇಖರನ ಕೈಲಿ ಹೇಳಿ ಕಳಿಸಿಬಿಟ್ಟಿದೀನಿ ಮಾರಾಯ. ನಾನೂ ಅಲ್ಲೇ ನಿಂತಿರ್ತೀನಿ. ನೀನು ಬಂದ್ರೆ ತೆಗಿ” ಎಂದು ಮಳೆಯಲ್ಲಿ ಇಳಿದು ಹೋದರು.

ಅವರು ಹೋದ ಕೂಡಲೇ ನಾನು ಪರಮೇಶಣ್ಣನಿಗೆ ಫೋನು ಮಾಡಿದೆ. ಅನುಮತಿ ಕೇಳಲೆಂದೇ ಮಾಡಿದೆ ಎಂದು ಆಗ ಅಂದುಕೊಂಡಿದ್ದೆ. ನಿಜವಾಗಿ ಬೇಡ ಎನ್ನಿಸಿಕೊಳ್ಳಲು ಮಾಡಿದ್ದೆ. ಅವರು ಕಣದಲ್ಲಿದ್ದರು, ಹಿಂದಿನಿಂದ ಆಳುಗಳ ಕೂಗಾಟ ಕೇಳುತ್ತಿತ್ತು. ನಾನು ಎರಡು ಮಾತು ಎಳೆಯುವುದರೊಳಗೆ ಅವರಿಗೆ ಅರ್ಥವಾಯಿತು. “ಗೊತ್ತಾಯ್ತು, ಆ ಅಸ್ಸಾಮ್ ಹೆಂಗಸಿನ ವಿಷ್ಯ ತಾನೆ? ಅದನ್ನ ಎಸ್ಟೇಟ್‌ನೋರು ನೋಡ್ಕೋತಾರೆ. ನೀನು ತಲೆ ಹಾಕ್ಬೇಡ” ಎಂದು ಇಟ್ಟುಬಿಟ್ಟರು.

ಇನ್ನು ನನ್ನದೇನೂ ಇಲ್ಲ ಎಂದು ಸಮಾಧಾನವಾಗಬೇಕಿತ್ತು. ಸ್ವಲ್ಪ ಹೊತ್ತು ಆಯಿತು ಕೂಡ. ಸಂಜೆ ಬೇಗ ಬಾಗಿಲು ಹಾಕಿಕೊಂಡು ಮನೆಗೆ ಹೋದೆ. ಹೆಂಡತಿ ಸುಮಿತ್ರಳಿಗೆ ಎಲ್ಲ ಹೇಳಿದೆ. ಅವಳೆದುರು ನನ್ನ ತೊದಲು ಅಷ್ಟಿಲ್ಲ.

“ಅಧ್ಯಕ್ಷರೇ ಬೇಡ ಅಂದ್ರು” ಎಂದೆ.

“ಹಂಗಾದ್ರೆ ಅಯ್ನೋರು ಬೆಳಿಗ್ಗೆ ಹೆಣ ಇಟ್ಕೊಂಡು ಗೇಟಿನ ಮುಂದೆ ನಿಂತಿರ್ತಾರಾ?” ಎಂದಳು.

“ಅವರಿಗೆ ಫೋನ್ ಇಲ್ವಲ್ಲ.”

“ಕಾಲು ಇದ್ಯಲ್ಲ ನಿಮಗೆ. ಹೋಗಿ ಆಗಲ್ಲ ಅಂತ ಹೇಳಿ ಬನ್ನಿ.”

ಹೋಗಲಿಲ್ಲ. ಮಳೆ ಎಂದೆ. ಶೀತ ಎಂದೆ. ಬೆಳಿಗ್ಗೆ ಹಾಸನದ ಗಾಡಿ ಬರುತ್ತದೆ, ಟಾರ್ಪಾಲು ಇಳಿಸಿಕೊಳ್ಳಬೇಕು ಎಂದೆ. ಸುಮಿತ್ರ ಒಳಗೆ ಹೋದಳು. ಬೀರು ತೆಗೆದು, ತವರಿನವರು ಕೊಟ್ಟು ಇನ್ನೂ ಉಟ್ಟಿಲ್ಲದ ಒಂದು ಹತ್ತಿ ಸೀರೆಯನ್ನು ಹೊರಗೆ ತೆಗೆದಿಟ್ಟಳು. ಯಾಕೆಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಮಳೆ ನಿಂತಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಎಂದಿನಂತೆ ಪೂಜೆಗೆ ಕುಳಿತೆ. ಲಿಂಗವನ್ನು ಎಡಗೈ ಮೇಲಿಟ್ಟುಕೊಂಡೆ. ದೇವರು ಏನಾದರೂ ಹೇಳಿದನೆಂದು ಬರೆದರೆ ಸುಳ್ಳಾಗುತ್ತದೆ. ಒಳಗೂ ಹೊರಗೂ ಯಾವ ದನಿಯೂ ಕೇಳಲಿಲ್ಲ. ಆದರೆ ದಿನಾ ಬೇಡುವುದನ್ನು ಅಂದು ಬೇಡಲು ಆಗಲಿಲ್ಲ. ಮಾತು ಕೊಡು ಎಂದು ಮನಸ್ಸಿನಲ್ಲಿ ಶುರುಮಾಡಿದರೆ ಗುರುಶಾಂತಯ್ಯನವರ ಪ್ರಶ್ನೆಯೇ ಎದುರಾಗುತ್ತಿತ್ತು. ಬೇಗ ಮುಗಿಸಿ ಎದ್ದೆ. ಸುಮಿತ್ರ ಸೀರೆಯನ್ನು ಒಂದು ಕವರಿಗೆ ಹಾಕಿ ಸ್ಕೂಟರಿಗೆ ಸಿಕ್ಕಿಸಿದ್ದಳು.

ಅಂಗಡಿಗೆ ಹೋಗುವ ದಾರಿಯಲ್ಲೇ ರುದ್ರಭೂಮಿ. ಬೇರೆ ದಾರಿ ಇದ್ದಿದ್ದರೆ ಹಿಡಿಯುತ್ತಿದ್ದೆನೋ ಏನೋ. ಗೇಟಿನ ಮುಂದೆ ಎಸ್ಟೇಟಿನ ಪಿಕಪ್ ನಿಂತಿತ್ತು. ಹಿಂದುಗಡೆ ನೀಲಿ ಟಾರ್ಪಾಲು ಹೊದಿಸಿದ್ದರು, ನನ್ನ ಅಂಗಡಿಯದೇ. ಸೋಮ್ರಾ ಗಾಡಿಯ ಚಕ್ರಕ್ಕೆ ಒರಗಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅವನ ಊರಿನ ಕೆಲವು ಗಂಡಸರು ಗುದ್ದಲಿ ಹಿಡಿದು, ಹೆಂಗಸರ ಜೊತೆ ನಿಂತಿದ್ದರು. ಶೇಖರನೂ ಇದ್ದ. ಗುರುಶಾಂತಯ್ಯನವರು ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನನ್ನು ನೋಡಿ, ಬರುವುದು ಗೊತ್ತಿತ್ತು ಎಂಬಂತೆ ಪಕ್ಕಕ್ಕೆ ಸರಿದರು.

ಆಗಲೂ ನನಗೆ ಒಂದು ಉಪಾಯ ಹೊಳೆಯಿತು. ಸ್ಕೂಟರ್ ಇಳಿಯದೆಯೇ ಕೀ ಚಾಚಿ, “ನೀ-ನೀವು ತೆಗೀರಿ. ನಂಗೆ ಗಾ-ಗಾಡಿ ಬರತ್ತೆ” ಎಂದೆ.

ಅಯ್ಯನವರು ತಮ್ಮ ನಡುಗುವ ಎರಡೂ ಕೈಗಳನ್ನು ಮುಂದೆ ಹಿಡಿದು ತೋರಿಸಿದರು. “ಇದ್ರಲ್ಲಿ ಬೀಗ ತೆಗ್ಯಕ್ಕಾಗತ್ತಾ ಹೇಳು” ಎಂದರು. ಅವರ ಮುಖದಲ್ಲಿ ಸಣ್ಣ ನಗೆ ಇತ್ತು. ಕೀಯನ್ನು ಶೇಖರನಿಗೋ ಇನ್ನೊಬ್ಬರಿಗೋ ಕೊಡಬಹುದಿತ್ತು. ಅಷ್ಟರಲ್ಲಿ ಸೋಮ್ರಾ ಎದ್ದು ನಿಂತು ನನಗೆ ಕೈ ಮುಗಿದ. ಅವನಿಗೆ ನಾನು ಯಾರೆಂದು ಗುರುತು ಸಿಕ್ಕಿತ್ತು. ಹೆಂಡತಿಯ ಜೊತೆ ಅಂಗಡಿಗೆ ಬಂದಿದ್ದನಲ್ಲ. ನಾನು ಇಳಿದೆ. ಮಳೆಗೆ ಬೀಗ ಬಿಗಿದಿತ್ತು. ಕೀಯನ್ನು ಅತ್ತಿತ್ತ ಆಡಿಸಿ ತೆಗೆದೆ.

ಮೂಲೆಯಲ್ಲಿ, ಬೇಲಿಯ ಹತ್ತಿರ, ಖಾಲಿ ಇದ್ದ ಕಡೆ ಅಗೆಯಲು ಶುರುಮಾಡಿದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಅವರಲ್ಲಿ ಹೇಗೆ ಎಂದು ಅಯ್ಯನವರು ಶೇಖರನಿಂದ ಕೇಳಿಸಿದರು. ಮಲಗಿಸಿಯೇ ಎಂದು ಸೋಮ್ರಾ ಹೇಳಿದ, ತಲೆ ಯಾವ ಕಡೆ ಇರಬೇಕೆಂದು ತೋರಿಸಿದ. ಹಾಗೇ ಅಗೆದರು. ಸುಮಿತ್ರ ಕಳಿಸಿದ್ದ ಸೀರೆಯನ್ನು ಅವರ ಹೆಂಗಸರು ಹೊದಿಸಿದರು.

ಗುಂಡಿ ಸೊಂಟದ ಮಟ್ಟಕ್ಕೆ ಬಂದಿರಬೇಕು, ರಸ್ತೆಯಲ್ಲಿ ಜೀಪು ನಿಂತಿತು. ಪರಮೇಶಣ್ಣ ಇಳಿದರು. ಜೊತೆಗೆ ಕಮಿಟಿಯ ಇಬ್ಬರು. ಯಾರೋ ಫೋನು ಮಾಡಿದ್ದರು. ಕಣದಿಂದ ನೇರ ಬಂದಿದ್ದರು, ಬೂಟಿಗೆ ಕಾಫಿಸಿಪ್ಪೆ ಮೆತ್ತಿಕೊಂಡಿತ್ತು. ಗುದ್ದಲಿಗಳು ನಿಂತವು. ಅವರು ಯಾರನ್ನೂ ನೋಡದೆ ನೇರ ನನ್ನ ಎದುರಿಗೆ ಬಂದು, “ಏನಿದು ಕುಬೇರ?” ಎಂದರು. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

ನಾನು ಬಾಯಿ ತೆರೆದೆ. ಮೊದಲ ಅಕ್ಷರವೇ ಹೊರಡಲಿಲ್ಲ. ಗಂಟಲು ಕಟ್ಟಿ, ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬಂತು. ನೋಡುವವರಿಗೆ ಅದು ಕಷ್ಟ, ನನಗೆ ಗೊತ್ತು. ಪರಮೇಶಣ್ಣನಿಗೂ ಕಷ್ಟವಾಯಿತು. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಹೆಗಲ ಮೇಲೆ ಕೈಯಿಟ್ಟು, ಯಾವಾಗಿನಂತೆ ನನ್ನ ಮಾತನ್ನು ಅವರೇ ಮುಗಿಸಿದರು. “ಅಯ್ನೋರು ಹೇಳಿದ್ರು, ನೀನು ತೆಗ್ದೆ. ಅಷ್ಟೇ ತಾನೆ? ಹಿರೀರು, ಇಲ್ಲ ಅನ್ನಕ್ಕಾಗ್ಲಿಲ್ಲ. ಹೋಗ್ಲಿ ಬಿಡು, ನಿನ್ನ ತಪ್ಪಿಲ್ಲ.”

ಹೂಂ ಎಂದರೆ ಮುಗಿಯುತ್ತಿತ್ತು. ಬಾಯಿಂದ ಅನ್ನುವುದೂ ಬೇಕಿರಲಿಲ್ಲ, ತಲೆಯಾಡಿಸಿದರೆ ಸಾಕಿತ್ತು. ಅಂಗಡಿ ಉಳಿಯುತ್ತಿತ್ತು. ಹೆಣ ಎಲ್ಲಿಗೆ ಹೋಗುತ್ತಿತ್ತೋ. ಗುರುಶಾಂತಯ್ಯನವರು ನನ್ನ ಕಡೆ ನೋಡಲೇ ಇಲ್ಲ, ನಾನು ಅವರ ಮೇಲೆ ಹಾಕಿದರೂ ಹೊರಲು ಸಿದ್ಧ ಎಂಬಂತೆ ನೆಲ ನೋಡುತ್ತ ನಿಂತಿದ್ದರು.

ನಾನು ತಲೆ ಅಡ್ಡ ಆಡಿಸಿದೆ. “ನ... ನ...” ಎಂದೆ. ಕಮಿಟಿಯವನೊಬ್ಬ, “ನನಗೆ ಗೊತ್ತಿರಲಿಲ್ಲ ಅಂತಾನೆ” ಎಂದ. ಅವನಿಗೆ ಕೈ ಎತ್ತಿ ಸುಮ್ಮನಿರಲು ಹೇಳಿದೆ. ಯಾರಿಗೂ ಹಾಗೆ ಕೈ ಎತ್ತಿದವನಲ್ಲ ನಾನು.

“ನ... ನಾನೇ ತೆಗ್ದೆ” ಎಂದೆ. “ಅ-ಅಯ್ನೋರಲ್ಲ. ನೀ-ನೀವು ಬೇಡ ಅಂದಿದ್ರಿ. ಗೊ-ಗೊತ್ತಿದ್ದೇ ತೆಗ್ದೆ.”

ಇಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಮಧ್ಯೆ ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಆಮೇಲೆ ಇನ್ನೂ ಒಂದು ಮಾತು ಉಳಿದಿತ್ತು, ಅದನ್ನೂ ಹೇಳಿದೆ. “ಅ-ಅವಳಿಗೆ ಮಣ್ಣು ಬೇಕು, ಪ-ಪರಮೇಶಣ್ಣ.”

ಅವರು ಹೆಗಲ ಮೇಲಿಂದ ಕೈ ತೆಗೆದರು. ಟಾರ್ಪಾಲು ಸರಿಸಿದ್ದ ಕಡೆ ಒಮ್ಮೆ ನೋಡಿದರು. ಹೊಸ ಸೀರೆಯ ಅಂಚು, ಕಾಲಿನ ಬೆರಳು ಕಾಣುತ್ತಿದ್ದವು. “ಕೀ ಕೊಡು” ಎಂದು ಕೈ ಚಾಚಿದರು.

“ಮು-ಮುಗಿದ ಮೇಲೆ ಕೊಡ್ತೀನಿ” ಎಂದೆ.

ಅವರು ಬಲವಂತ ಮಾಡಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಮಾಡಲಿಲ್ಲ. ಹೊರಗೆ ಹೋಗಿ ಜೀಪಿಗೆ ಒರಗಿ ನಿಂತರು. ಜೊತೆಗೆ ಬಂದಿದ್ದ ಇಬ್ಬರು ಏನೋ ಗೊಣಗುತ್ತಿದ್ದರು. ಒಳಗೆ ಅಗೆಯುವುದು ಮತ್ತೆ ಶುರುವಾಯಿತು. ಇಳಿಸುವ ಮುಂಚೆ ಅಯ್ಯನವರು ಅವಳ ಹೆಸರು ಕೇಳಿದರು. ಸೋಮ್ರಾ ಹೇಳಿದ. ಅವರು ಆ ಹೆಸರು ಹಿಡಿದು, ನಮ್ಮವರಿಗೆ ಹೇಳುವ ಮಂತ್ರವನ್ನೇ ಹೇಳಿದರು. ಅದು ಸರಿಯೋ ತಪ್ಪೋ ಎಂದು ಸೋಮ್ರಾನ ಕಡೆಯವರೂ ಕೇಳಲಿಲ್ಲ. ಆಮೇಲೆ ಅವರ ಹೆಂಗಸರು ಅವರದೇ ಭಾಷೆಯಲ್ಲಿ ಏನೋ ಹಾಡಿಕೊಂಡರು. ಎಲ್ಲರೂ ಮಣ್ಣು ಹಾಕಿದೆವು. ಬೀಗ ಹಾಕಿ, ಹೊರಗೆ ಬಂದು ಪರಮೇಶಣ್ಣನ ಕೈಗೆ ಕೀ ಕೊಟ್ಟೆ. ತೆಗೆದುಕೊಂಡು ಜೇಬಿಗೆ ಹಾಕಿದರು. ಜೀಪು ಹತ್ತಿದರು.

ಸೋಮ್ರಾ ಕೊಯ್ಲು ಮುಗಿಯುವವರೆಗೆ ಇದ್ದು ಊರಿಗೆ ಹೋದ. ಹೋಗುವಾಗ ಅಂಗಡಿಗೆ ಬಂದು ಕೈ ಮುಗಿದ. ನಾನೂ ಮುಗಿದೆ. ಮತ್ತೆ ಅವನು ಬರಲಿಲ್ಲ. ನನ್ನನ್ನು ಕಮಿಟಿಯಿಂದ ಬಿಡಿಸಿದರು. ಯುಗಾದಿ ಕಳೆದ ಮೇಲೆ ಪರಮೇಶಣ್ಣನ ತೋಟದ ಲೆಕ್ಕ ಬರೆಯುವ ರೈಟರ್ ಬಂದು, ಕಟ್ಟಡ ರಿಪೇರಿಗೆ ಬೇಕು ಎಂದರು. ಖಾಲಿ ಮಾಡಿದೆ. ಚಿಕ್ಕಮಗಳೂರಿನಲ್ಲಿ ಸುಮಿತ್ರಳ ಅಣ್ಣನ ಗೋಡೌನಿನ ಮುಂಭಾಗ ಸಿಕ್ಕಿತು. ಮೊದಲ ವರ್ಷ ಕಷ್ಟವಾಯಿತು, ಈಗ ನಡೆಯುತ್ತಿದೆ. ನನ್ನ ತೊದಲು ಹಾಗೇ ಇದೆ. ಫೋನು ಬಂದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಮಾತು ಕೊಡು ಎಂದು ಬೇಡುವುದು ಮಾತ್ರ ಆ ಬೆಳಿಗ್ಗೆ ನಿಂತದ್ದು ಮತ್ತೆ ಶುರುವಾಗಲಿಲ್ಲ. ಬೇಡಬಾರದೆಂದು ನಿಶ್ಚಯ ಮಾಡಿದ್ದೇನೂ ಇಲ್ಲ. ಲಿಂಗ ಹಿಡಿದು ಸುಮ್ಮನೆ ಕುಳಿತಿರುತ್ತೇನೆ, ಅಷ್ಟೇ.

ಹೋದ ಬೇಸಿಗೆಯಲ್ಲಿ ಗುರುಶಾಂತಯ್ಯನವರು ತೀರಿಕೊಂಡರು. ಅಂಗಡಿ ಬಿಟ್ಟ ಮೇಲೆ ನಾನು ಊರಿಗೆ ಹೋದದ್ದು ಅದೇ ಮೊದಲು. ರುದ್ರಭೂಮಿಯ ತುಂಬ ಜನ. ಅಯ್ಯನವರನ್ನು ಕೂರಿಸಲು ಇನ್ನೂ ಸಿದ್ಧತೆ ನಡೆಯುತ್ತಿತ್ತು. ನಾನು ಮೂಲೆಯ ಕಡೆ ಹೋದೆ. ಫೂಲ್‌ಮನಿಯ ಗುಡ್ಡೆ ತಗ್ಗಿ ಹುಲ್ಲು ಬೆಳೆದಿತ್ತು. ಪಕ್ಕದಲ್ಲಿ ಇನ್ನೂ ಕೆಲವು ಗುಡ್ಡೆಗಳಿದ್ದವು. ಒಂದು ತೀರಾ ಚಿಕ್ಕದು, ಮಗುವಿನದಿರಬೇಕು. ಯಾವುದೂ ನಮ್ಮ ಪದ್ಧತಿಯಲ್ಲಿ ಕೂರಿಸಿದ್ದರಂತೆ ಕಾಣಲಿಲ್ಲ. ಎಲ್ಲವೂ ಉದ್ದುದ್ದ.

ಪರಮೇಶಣ್ಣ ಹಿಂದಿನಿಂದ ಬಂದು ನನ್ನ ಪಕ್ಕ ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೋಲು ಹಿಡಿದಿದ್ದರು. ಅಂಗಡಿ ಬಿಡಿಸಿದ್ದರ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಗುಡ್ಡೆಗಳ ಕಡೆ ಕೈ ತೋರಿಸಿ, ಇವರೆಲ್ಲ ಯಾರು ಎಂಬಂತೆ ನೋಡಿದೆ.

“ಇದು ಲೈನಿನ ಮಗು. ಆ ಕಡೇದು ಟಿಂಬರ್ ಲಾರಿ ಡ್ರೈವರು, ಅವನ ಕಡೆಯೋರು ಬರ್ಲೇ ಇಲ್ಲ” ಎಂದರು.

“ಯಾ-ಯಾರು ಒಪ್ಪಿದ್ದು?”

“ಇನ್ಯಾರು, ನಾನೇ. ಬಂದು ಕೇಳ್ತಾರಲ್ಲ” ಎಂದು ಕೋಲಿನಿಂದ ನೆಲದ ಹುಲ್ಲನ್ನು ಸರಿಸಿದರು. “ಆ ಹೆಂಗಸು ಇಲ್ಲಿ ಮಲಗಿದಾಳೆ ಅಂತ ಊರಿಗೆಲ್ಲ ಗೊತ್ತು. ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನಣ ಅಂತ ಹೋದ್ರೆ ನಂಗೂ ಬಾಯಿ ಬರಲ್ಲ ಮಾರಾಯ.”

ಅಷ್ಟರಲ್ಲಿ ಮಣ್ಣು ಹಾಕಲು ಕರೆದರು. ಇಬ್ಬರೂ ಆ ಕಡೆ ನಡೆದೆವು.